‘ಇಲ್ಲಿ’ ಎಂಬ ತಿದ್ದುಪಡಿ

ಏಪ್ರಿಲ್ ೪

ನನ್ನ ಒತ್ತಕ್ಷರವೇ,

ನಿನ್ನ ಹಿಂದಿನ ಪತ್ರವನ್ನು ತಿದ್ದಿ ಇದರ ಜೊತೆಗೇ ಇಟ್ಟಿದ್ದೇನೆ. ವಿಶ್ವವಿದ್ಯಾಲಯ ಸೇರಿದ ಮೇಲೆ ನಿನ್ನ ಮಹಾಪ್ರಾಣಗಳೆಲ್ಲ ಪ್ರಾಣ ಬಿಡುತ್ತಿವೆ. ‘ಅಬ್ಯಾಸ’, ‘ವಿದಿ’, ‘ಕಟಿಣ’! ಓದಿ ನನಗೆ ಉಸಿರು ಕಟ್ಟಿತು. ಬೇರೆ ಅಪ್ಪಂದಿರು ಮಕ್ಕಳ ಪತ್ರವನ್ನು ಜೋಪಾನವಾಗಿ ಎತ್ತಿಡುತ್ತಾರೆ, ನೀನು ಕೆಂಪು ಶಾಯಿ ಬಳಿದು ವಾಪಸು ಕಳಿಸುತ್ತೀಯಲ್ಲ ಎಂದು ನಿನ್ನ ಅತ್ತೆಯ ಬೈಗುಳ. ಪತ್ರಿಕೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಕೈ, ಸುಮ್ಮನಿರು ಎಂದರೆ ಎಲ್ಲಿ ಕೇಳುತ್ತದೆ?

ನೀನೂ ಏನು ಕಡಿಮೆಯವಳಲ್ಲ. ಹೋದ ಸಲ ನಾನು ‘ಧಿಮಾಕು’ ಎಂಬ ಪದವನ್ನು ಹೊಡೆದುಹಾಕಿ ‘ಅಹಂಕಾರ’ ಎಂದು ಬರೆದರೆ, ನೀನು ನನ್ನ ಅಹಂಕಾರವನ್ನೇ ಹೊಡೆದು, ಧಿಮಾಕಿನ ಕೆಳಗೆ ಚುಕ್ಕಿಗಳ ಸಾಲಿಟ್ಟು, ಅಂಚಿನಲ್ಲಿ ‘ಇರಲಿ’ ಎಂದು ಬರೆದು ಕಳಿಸಿದ್ದೀಯ. ಹೊಡೆದ ಪದವನ್ನು ಮತ್ತೆ ಉಳಿಸಿಕೊಳ್ಳಬೇಕಾದಾಗ ನಾವು ಹಾಕುವ ಗುರುತು ಅದು. ತಾಯಿಯಿಲ್ಲದ ಮಗುವನ್ನು ಎಲ್ಲಿ ಬಿಡುವುದೆಂದು ಪ್ರೆಸ್ಸಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಕ್ಷರದ ಕೆಳಗಿನ ಒತ್ತಿನ ಹಾಗೆ ನೀನು ನನ್ನ ಮೇಜಿನ ಕೆಳಗೆ ಅಂಟಿಕೊಂಡು ಕೂರುತ್ತಿದ್ದೆ. ಅಲ್ಲಿ ಕಲಿತದ್ದನ್ನು ಈಗ ನನ್ನ ಮೇಲೇ ತಿರುಗಿಸುತ್ತೀಯಾ?

ಲಾಕ್‌ಡೌನ್ ಎಂದು, ಊರಿಗೆ ಹೋಗುವವರಿಗೆ ಹಾಸ್ಟೆಲ್ ಖಾಲಿ ಮಾಡಲು ಒಂದೇ ದಿನ ಕೊಟ್ಟರಂತೆ. ಬಸ್ಸಿನಲ್ಲಿ ನೂಕಾಡಿಕೊಂಡು ಬರುವುದು ಬೇಡ, ಅಲ್ಲೇ ಇರು ಎಂದು ಅತ್ತೆಯ ಕೈಲಿ ಹೇಳಿಸಿದ್ದು ನಾನೇ. ನನ್ನ ಎದೆಯ ಕಥೆ ನಿನಗೆ ಗೊತ್ತೇ ಇದೆ. ಬರುವಾಗ ಕಾಯಿಲೆ ಹೊತ್ತು ತಂದರೆ ಎಂಬ ಭಯ ನಿನಗೂ ಇತ್ತು. ಸರ್ಕಾರ ಸರಿಯಾಗಿದ್ದರೆ ಇದು ಒಂದು ತಿಂಗಳ ಮಾತು. ಸರಿಯಿಲ್ಲದಿರುವುದರಿಂದ ಎರಡು ತಿಂಗಳು ಎಂದಿಟ್ಟುಕೋ.

ಅತ್ತೆ ದಿನಾ ಫೋನಿನಲ್ಲಿ ನಿನ್ನ ಜೊತೆ ಮಾತಾಡಿ, ಆಮೇಲೆ ನನ್ನ ಕಡೆ ತಿರುಗಿ ಕೈಸನ್ನೆ ಮಾಡುತ್ತಾಳೆ: ಊಟ ಆಯಿತಂತೆ, ಚೆನ್ನಾಗಿದ್ದಾಳಂತೆ. ಎಲ್ಲ ದಿನವೂ ಅದೇ ಸನ್ನೆ. ಮುದ್ರಣಯಂತ್ರದ ಪಕ್ಕದಲ್ಲಿ ಕೂರಿಸಿ ನನ್ನನ್ನು ಕಿವುಡನಾಗಿಸಿದವರನ್ನು ನಾನು ಈಗ ಬೈಯುತ್ತೇನೆ. ಕಾಗದದ ಮೇಲಾದರೂ ಸ್ವಲ್ಪ ಜಾಸ್ತಿ ಮಾತಾಡು.

ಇಂತು, ಕೆಂಪು ಶಾಯಿ ಮುಗಿಯುತ್ತಾ ಬಂದಿರುವ, ಅಂಗಡಿಯೂ ತೆರೆಯದಿರುವ,
ಅಪ್ಪ


ಏಪ್ರಿಲ್ ೧೯

ಅಪ್ಪಾ,

ನಮ್ಮ ಮಹಡಿಯಲ್ಲಿ ಈಗ ಉಳಿದಿರುವವರು ನಾಲ್ಕು ಜನ. ಉಳಿದ ಬಾಗಿಲುಗಳಿಗೆಲ್ಲ ಬೀಗ. ಹೊರಗೆ ಓಡಾಡುವಂತಿಲ್ಲ. ಊಟದ ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು, ಬಡಿದು, ನಾವು ತೆಗೆಯುವಷ್ಟರಲ್ಲಿ ಓಡಿಹೋಗುತ್ತಾರೆ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಬೆಲ್ಲು ಒತ್ತಿ ಓಡುತ್ತಿದ್ದೆವಲ್ಲ, ಹಾಗೆ.

ಪಾಠ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದೆ. ಜನರ ಕಿವಿ ಪರೀಕ್ಷೆ ಮಾಡುವುದನ್ನು ಜನರಿಲ್ಲದೆ ಕಲಿಸುತ್ತಿದ್ದಾರೆ. ನಿನ್ನ ಕಿವಿಗಾಗಿ ಈ ಕೋರ್ಸಿಗೆ ಸೇರಿದ್ದಲ್ಲ ಎಂದು ಎಷ್ಟು ಸಲ ಹೇಳಿದ್ದೇನೆ, ನೀನು ನಂಬುವುದಿಲ್ಲ. ಬೇರೆ ಯಾವುದರಲ್ಲೂ ಸೀಟು ಸಿಗಲಿಲ್ಲ ಅಪ್ಪಾ, ಅಷ್ಟೇ.

ಒಂದು ತಮಾಷೆ. ನನ್ನ ಪಕ್ಕದ ಕೋಣೆಯಲ್ಲಿ ಗಣಿತ ಓದುವವಳು ಒಬ್ಬಳಿದ್ದಾಳೆ. ನಡುವಿನ ಗೋಡೆ ತೆಳ್ಳಗಿದೆ. ಅವಳು ಒಂದು ಭಾಷೆ ಕಂಡುಹಿಡಿದಿದ್ದಾಳೆ. ಗೋಡೆಗೆ ಎರಡು ಸಲ ತಟ್ಟಿದರೆ ‘ಇದ್ದೀಯಾ?’ ಎಂದು ಅರ್ಥ. ಒಂದು ಸಲ ತಟ್ಟಿದರೆ ‘ಇದ್ದೀನಿ’. “ಇಷ್ಟೇನಾ ನಿನ್ನ ಭಾಷೆ?” ಅಂತ ಕೇಳಿದೆ. “ಇನ್ನೇನು ಬೇಕಾಗುತ್ತೆ ಹೇಳು, ಸೇರಿಸೋಣ” ಅಂದಳು. ಇಬ್ಬರೂ ಯೋಚನೆ ಮಾಡಿದೆವು. ಇನ್ನೇನೂ ಹೊಳೆಯಲಿಲ್ಲ.

ವಿಶ್ವವಿದ್ಯಾಲಯದವರು ಎಲ್ಲರಿಗೂ ಒಂದು ಸುತ್ತೋಲೆ ಕೊಟ್ಟಿದ್ದಾರೆ. ನಿನಗೆ ಊಟದ ಜೊತೆ ನೆಂಚಿಕೊಳ್ಳಲು ಬೇಕಾದೀತೆಂದು ಕಳಿಸುತ್ತಿದ್ದೇನೆ.

ನಿನ್ನ ಧಿಮಾಕಿನ ಮಗಳು


ಮೇ ೨

ನನ್ನ ಒತ್ತಕ್ಷರವೇ,

ಸುತ್ತೋಲೆ ಓದಿದೆ. ಹೊಟ್ಟೆ ತುಂಬಿತು. “ವಿದ್ಯಾರ್ಥಿಗಳು ಸಕಾರಾತ್ಮಕವಾಗಿ ಯೋಚಿಸತಕ್ಕದ್ದು. ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಗತಕ್ಕದ್ದು.” ನಗತಕ್ಕದ್ದು! ನಗದಿದ್ದರೆ ದಂಡವೆಷ್ಟು ಎಂದು ಬರೆಯುವುದನ್ನು ಮರೆತಿದ್ದಾರೆ. ತಿದ್ದಿ, ಹತ್ತೊಂಬತ್ತು ತಪ್ಪು ಎಂದು ಮೇಲೆ ಬರೆದು, ಕುಲಸಚಿವರಿಗೇ ಕಳಿಸಿದ್ದೇನೆ.

ನಾನು ಕೆಲಸಕ್ಕೆ ಸೇರಿದ ವರ್ಷ ಊರಿಗೆ ವಾಂತಿಭೇದಿ ಬಂದಿತ್ತು. ನನ್ನ ಕೈಗೆ ಬಂದ ಮೊದಲ ಸರ್ಕಾರಿ ಪ್ರಕಟಣೆ ಅದರದು: “ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ.” ಆ ವಾರ ಪ್ರೆಸ್ಸಿನ ಹಿಂದಿನ ಬೀದಿಯಲ್ಲಿ ಮನೆಗೊಬ್ಬರಂತೆ ಹೋದರು. ಆಮೇಲೆ ಬಂದ ಪ್ರವಾಹಕ್ಕೂ ಅದೇ ವಾಕ್ಯ, ಕಾರ್ಖಾನೆಯ ಬಾಯ್ಲರ್ ಸಿಡಿದಾಗಲೂ ಅದೇ ವಾಕ್ಯ. ಆ ಕಾಲದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು ಆ ಸಾಲನ್ನು ಬಿಚ್ಚದೆ ಹಾಗೇ ಕಟ್ಟಿಟ್ಟಿದ್ದ. “ಮತ್ತೆ ಬೇಕಾಗುತ್ತಲ್ಲ ಸ್ವಾಮೀ, ಸುಮ್ನೆ ಯಾಕೆ ಎರಡು ಸಲ ಕೆಲಸ?” ಅನ್ನುತ್ತಿದ್ದ. ಈಗ ಮೊಳೆ ಹೋಗಿ ಕಂಪ್ಯೂಟರ್ ಬಂದಿದೆ. ಸಾಲು ಹಾಗೇ ಇದೆ.

ಪತ್ರಿಕೆಯವರು ನನ್ನನ್ನೂ “ಸದ್ಯಕ್ಕೆ ಮನೆಯಲ್ಲೇ ಇರಿ” ಎಂದಿದ್ದಾರೆ. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳಿದೆ. ಮತ್ತೆ “ಸದ್ಯಕ್ಕೆ” ಎಂದೇ ಬರೆದು ತೋರಿಸಿದರು. ಈಗ ಅತ್ತೆ ತರುವ ಸಾಮಾನಿನ ಪೊಟ್ಟಣಗಳನ್ನು ತಿದ್ದುತ್ತಾ ಕೂತಿದ್ದೇನೆ. ಸೋಪಿನ ಕಾಗದದಲ್ಲಿ ಎರಡು ತಪ್ಪು ಸಿಕ್ಕಿತು.

ನಿನ್ನ ಪತ್ರದಲ್ಲಿ ಈ ಸಲ ತಪ್ಪು ಕಡಿಮೆ. ಜೊತೆಗೆ ಇಟ್ಟಿದ್ದೇನೆ, ನೋಡು. ಗಣಿತದವಳಿಗೆ ಹೇಳು, ಅವಳ ಭಾಷೆಯಲ್ಲಿ ಕಾಗುಣಿತದ ತಪ್ಪು ಆಗುವುದೇ ಇಲ್ಲ, ನನ್ನಂಥವರ ಹೊಟ್ಟೆಯ ಮೇಲೆ ಹೊಡೆಯುವಂಥ ಭಾಷೆ ಅದು.

ಪೊಟ್ಟಣಗಳ ಸಂಪಾದಕ,
ಅಪ್ಪ


ಮೇ ೨೧

ಅಪ್ಪಾ,

ಬರೆಯುವುದು ತಡವಾಯಿತು. ಕಾಗದ ಮುಂದಿಟ್ಟುಕೊಂಡು ಕೂರುತ್ತಿದ್ದೆ, ಆಮೇಲೆ ಸಂಜೆಯಾಗುತ್ತಿತ್ತು.

ತರಗತಿಯಲ್ಲಿ ಯಾರ ಮುಖವೂ ಕಾಣುವುದಿಲ್ಲ. ಕಪ್ಪು ಚೌಕಗಳು, ಚೌಕದೊಳಗೆ ಹೆಸರು. ಪಾಠದ ನಡುವೆ ಮೇಷ್ಟ್ರು “ಎಲ್ಲರೂ ಇದ್ದೀರಾ?” ಎಂದು ಕೇಳುತ್ತಾರೆ. ಯಾರೂ ಮಾತಾಡುವುದಿಲ್ಲ. ಅವರು ಪಾಠ ಮುಂದುವರಿಸುತ್ತಾರೆ. ಮೊನ್ನೆ ಅದನ್ನೇ ಎರಡು ಸಲ ಕೇಳಿದ ಹಾಗೆ ಅನ್ನಿಸಿತು. ಇರಲಿಕ್ಕಿಲ್ಲ.

ನಮ್ಮ ವಿಭಾಗದಲ್ಲಿ ಕಿವಿ ಪರೀಕ್ಷೆಗೆ ಒಂದು ಪುಟ್ಟ ಕೋಣೆಯಿದೆ, ಹೊರಗಿನ ಸದ್ದು ಒಂದಿಷ್ಟೂ ಬರದ ಹಾಗೆ ಕಟ್ಟಿದ್ದು. ಮೊದಲ ವರ್ಷ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕೂರಿಸಿದ್ದರು. ಬಾಗಿಲು ಮುಚ್ಚಿದಾಗ ಮೊದಲು ಏನೂ ಕೇಳಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮದೇ ರಕ್ತ ಹರಿಯುವುದು ಕೇಳಿಸುತ್ತದೆ. ಹೊರಗೆ ನಿಂತವರು ಬಾಗಿಲು ತೆಗೆಯುತ್ತಾರೆ ಎಂದು ಗೊತ್ತಿರುವುದರಿಂದ ಅದನ್ನು ಸಹಿಸಿಕೊಳ್ಳುತ್ತೇವೆ.

ಗಣಿತದವಳು ಈಗೀಗ ತಟ್ಟುವುದನ್ನು ಮರೆಯುತ್ತಾಳೆ. ನಾನು ತಟ್ಟಿದರೆ ಬಹಳ ಹೊತ್ತಿನ ಮೇಲೆ ಉತ್ತರ ಬರುತ್ತದೆ. ಅಷ್ಟು ಹೊತ್ತು ಕೈಯನ್ನು ಗೋಡೆಯ ಮೇಲೇ ಇಟ್ಟುಕೊಂಡಿರುತ್ತೇನೆ.

ಟ್ಯೂಬ್‌ಲೈಟ್ ಕೆಟ್ಟಿದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ. ತಲೆ ಬಾಚಿಕೊಳ್ಳುವುದು ದೊಡ್ಡ ಕೆಲಸ ಅನ್ನಿಸುತ್ತದೆ. ಅಪ್ಪಾ, ನನಗೆ ಇರುವುದು ಕಷ್ಟವಾಗುತ್ತಿದೆ.

ಅತ್ತೆಗೆ ಹೇಳಬೇಡ, ಅಳುತ್ತಾಳೆ.

ಮಗಳು


ಜೂನ್ ೩

ನನ್ನ ಒತ್ತಕ್ಷರವೇ,

ಶಹಬ್ಬಾಸ್! ಇಡೀ ಪತ್ರದಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ. ಒಂದು ಕಡೆ ಮಾತ್ರ ಅವಸರದಲ್ಲಿ ಪದ ಬಿಟ್ಟುಹೋಗಿದೆ. ‘ನನಗೆ ಇರುವುದು ಕಷ್ಟವಾಗುತ್ತಿದೆ’ ಎಂದು ಬರೆದಿದ್ದೀಯ. ‘ನನಗೆ’ ಆದಮೇಲೆ ಬಾಣದ ಗುರುತು ಹಾಕಿ ‘ಇಲ್ಲಿ’ ಎಂದು ಸೇರಿಸಿದ್ದೇನೆ. ನನಗೆ ಇಲ್ಲಿ ಇರುವುದು ಕಷ್ಟವಾಗುತ್ತಿದೆ. ಈಗ ವಾಕ್ಯ ನೆಟ್ಟಗಾಯಿತು.

ಕಷ್ಟವಾಗದೆ ಇನ್ನೇನಾಗುತ್ತದೆ? ಶುಲ್ಕ ತೆಗೆದುಕೊಳ್ಳುವಾಗ ಇವರಿಗೆ ಮೈಯೆಲ್ಲ ಕೈ; ಒಂದು ಟ್ಯೂಬ್‌ಲೈಟ್ ಬದಲಾಯಿಸುವುದಕ್ಕೆ ಕೈಯೇ ಇಲ್ಲವೇ? ನಿನ್ನ ಪತ್ರ ಬಂದ ದಿನವೇ ಕೂತು ಬರೆದೆ. ಬೆಳಕಿಲ್ಲದ ಕೋಣೆ, ನೀರಿಲ್ಲದ ನಲ್ಲಿ, ಮಕ್ಕಳೆಂದರೆ ಗೋದಾಮಿನಲ್ಲಿಟ್ಟ ಮೂಟೆಗಳೇ ಎಂದು ಕೇಳಿದ್ದೇನೆ. ನಮ್ಮ ಪತ್ರಿಕೆಯ ವಾಚಕರ ವಾಣಿಯಲ್ಲಿ ಒಂದಕ್ಷರ ಕತ್ತರಿಸದೆ ಹಾಕಿದ್ದಾರೆ. ಬೀದಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ, ಮುಖವಸ್ತ್ರ ಇಳಿಸಿ, ಹೆಬ್ಬೆರಳು ಎತ್ತಿ ತೋರಿಸಿದ. ನಿನ್ನ ಅತ್ತೆ ಮಾತ್ರ ಒಂದು ಹಾಳೆಯ ಮೇಲೆ “ಅವಳ ಬಗ್ಗೆ ಬರೆದ್ಯಾ, ಟ್ಯೂಬ್‌ಲೈಟ್ ಬಗ್ಗೆ ಬರೆದ್ಯಾ?” ಎಂದು ಗೀಚಿ ಮುಂದೆ ಹಿಡಿದಳು. ಅವಳಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ.

ಕತ್ತರಿಸಿದ ತುಂಡು ಇದರಲ್ಲಿದೆ. ಗೋಡೆಗೆ ಅಂಟಿಸಿಕೋ. ನಾನು ಬಿಡುವವನಲ್ಲ.

ಕಾದಾಟದ ಹುಮ್ಮಸ್ಸಿನಲ್ಲಿರುವ,
ಅಪ್ಪ


ಜೂನ್ ೧೭

ಅಪ್ಪಾ,

ಹೊಸ ಟ್ಯೂಬ್‌ಲೈಟ್ ಹಾಕಿದರು. ಕೋಣೆ ಬೆಳ್ಳಗೆ ಕಾಣುತ್ತದೆ. “ನಿಮ್ಮ ತಂದೆಗೆ ಹೇಳಿಬಿಡಿ, ಇನ್ನೂ ಏನಾದ್ರೂ ಇದ್ರೆ ಪೇಪರಿಗೆ ಬರೀದೆ ನಮಗೇ ಹೇಳಲಿ” ಎಂದರು ವಾರ್ಡನ್ ಮೇಡಂ.

ಗಣಿತದವಳು ಹೋಗಿಬಿಟ್ಟಳು.

ಹಿಂದಿನ ಸಂಜೆ ನಾನು ಎರಡು ಸಲ ತಟ್ಟಿದ್ದೆ. ಸ್ವಲ್ಪ ಬಿಟ್ಟು ಮತ್ತೆ ತಟ್ಟಿದೆ. ಮಲಗಿರಬೇಕು ಎಂದುಕೊಂಡು ನಾನೂ ಮಲಗಿದೆ. ಬೆಳಿಗ್ಗೆ ಊಟದವರು ಅವಳ ಬಾಗಿಲು ಬಡಿದು, ಈ ಸಲ ಓಡಿಹೋಗದೆ ನಿಂತೇ ಇದ್ದರು. ಆಮೇಲೆ ಬಹಳ ಕಾಲುಗಳ ಸದ್ದು. ನಮ್ಮನ್ನು ಹೊರಗೆ ಬರಬೇಡಿ ಎಂದರು.

ಮಧ್ಯಾಹ್ನ ಎಲ್ಲರಿಗೂ ಮೆಸೇಜು ಬಂತು: “ವಿದ್ಯಾರ್ಥಿನಿಯೊಬ್ಬರು ಅನಾರೋಗ್ಯದಿಂದ ನಿಧನರಾಗಿದ್ದಾರೆ. ತರಗತಿಗಳು ಎಂದಿನಂತೆ ನಡೆಯುತ್ತವೆ.” ನೋಡು ಅಪ್ಪಾ, ಇದರಲ್ಲಿ ಒಂದು ತಪ್ಪೂ ಇಲ್ಲ.

ನೀನು ತಿದ್ದಿ ಕಳಿಸಿದ ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ನಿನ್ನ ‘ಇಲ್ಲಿ’ಯನ್ನು ಹೊಡೆದಿದ್ದೇನೆ. ನನ್ನ ವಾಕ್ಯದ ಕೆಳಗೆ ಚುಕ್ಕಿ ಇಟ್ಟಿದ್ದೇನೆ. ಪದ ಯಾವುದೂ ಬಿಟ್ಟುಹೋಗಿರಲಿಲ್ಲ.

ಯಾರಿಗೂ ಬರೆಯಬೇಡ.


ಜೂನ್ ೨೭, ಹಾಸ್ಟೆಲಿನ ಗೇಟಿನಿಂದ

ಮಗಳೇ,

ಗೇಟಿನ ಹೊರಗೆ ನಿಂತಿದ್ದೇನೆ. ಕಾವಲುಗಾರರ ಕೈಲಿ ಈ ಚೀಟಿ ಕಳಿಸುತ್ತಿದ್ದೇನೆ. ಇದರ ಹಿಂದೆಯೇ ಬರೆದು ಕೊಡು.

ನಿನ್ನ ಪತ್ರ ಕೈಸೇರಿದ್ದು ನಿನ್ನೆ. ಅತ್ತೆ ಹತ್ತಾರು ಸಲ ಫೋನು ಮಾಡಿದಳು, ನೀನು ಎತ್ತಲಿಲ್ಲ. ವಾರ್ಡನ್‌ಗೆ ಮಾಡಿದಳು. “ರೂಮಲ್ಲೇ ಇದ್ದಾಳೆ, ತಟ್ಟೆ ಮಾತ್ರ ಹಾಗ್ಹಾಗೇ ವಾಪಸ್ ಬರ್ತಿದೆ, ಈಗಿನ ಹುಡುಗೀರದು ಗೊತ್ತಲ್ಲ, ಡಯೆಟ್ಟು” ಅಂದರಂತೆ. ಬಸ್ಸಿಲ್ಲ. ನಮ್ಮ ಪತ್ರಿಕೆಯ ವ್ಯಾನಿನಲ್ಲಿ ಬಂಡಲುಗಳ ಮೇಲೆ ಕೂತು ಬಂದೆ.

ನಿನ್ನ ವಾಕ್ಯ ಸರಿಯಾಗಿತ್ತು. ಮೂಲದಲ್ಲಿ ಇಲ್ಲದ ಪದವನ್ನು ಬರೆದವರನ್ನು ಕೇಳದೆ ಸೇರಿಸಬಾರದು, ನಮ್ಮ ಕೆಲಸದ ಮೊದಲ ಪಾಠ ಅದು. ಬೇರೆ ಯಾರ ಬರಹಕ್ಕೂ ಎಂದೂ ಮಾಡದ ತಪ್ಪನ್ನು ನಿನ್ನದಕ್ಕೆ ಮಾಡಿದೆ. ಕೆಳಗೆ ಬಾ.

ಅಪ್ಪ


ಅದೇ ಚೀಟಿಯ ಹಿಂಬದಿ

ಅಪ್ಪಾ ಯಾಕೆ ಬಂದೆ. ನಿನ್ನ ಎದೆಗೆ ಆಗಲ್ಲ. ವಾಪಸ್ ಹೋಗು. ಬರೋಕೆ ಆಗಲ್ಲ ನನಗೆ. ಏಳೋಕೇ ಆಗ್ತಿಲ್ಲ. ಬಟ್ಟೆ ಬದಲಾಯಿಸಿ ಎಷ್ಟು ದಿನ ಆಯ್ತೋ ಗೊತ್ತಿಲ್ಲ.


ಎರಡನೆಯ ಚೀಟಿ

ಬಟ್ಟೆ ಬದಲಾಯಿಸಬೇಡ. ತಲೆ ಬಾಚಬೇಡ. ಏಳಬೇಡ. ಮಲಗಿಕೊಂಡೇ ಬರೆ.

ಒಂದು ಮಾತು ಕೇಳುತ್ತೇನೆ. ಮೂವತ್ತು ವರ್ಷ ಬೇರೆಯವರ ಪದಗಳನ್ನು ನೇರ ಮಾಡಿದವನು, ನಾನೂ ನೇರವಾಗಿಯೇ ಕೇಳಬೇಕು. ಸಾಯಬೇಕು ಅನ್ನಿಸುತ್ತಿದೆಯಾ?

ಬೈಯುವುದಿಲ್ಲ. ಅಳುವುದೂ ಇಲ್ಲ.

ಅಪ್ಪ


ಹಿಂಬದಿ

ಹೂಂ.


ಮೂರನೆಯ ಚೀಟಿ

ಹೇಳಿದೆಯಲ್ಲ, ಒಳ್ಳೆಯದಾಯಿತು.

ವಾರ್ಡನ್‌ಗೆ ಬರೆದುಕೊಟ್ಟಿದ್ದೇನೆ: ಈಗಲೇ ಯಾರಾದರೂ ಹೋಗಿ ನಿನ್ನ ಪಕ್ಕ ಕೂರಬೇಕು, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಗಾಡಿ ಬರಬೇಕು. “ಹೊರಗಿನವರನ್ನ ಒಳಗೆ ಬಿಡೋ ಹಾಗಿಲ್ಲ, ರೂಲ್ಸು” ಅಂದರಂತೆ, ಕಾವಲುಗಾರರು ಬರೆದು ತೋರಿಸಿದರು. ಪಕ್ಕದ ಕೋಣೆಯ ಮಗುವಿಗೂ ಇದೇ ರೂಲ್ಸು ಇತ್ತೇ ಎಂದು ಅದರ ಕೆಳಗೇ ಬರೆದು ಕಳಿಸಿದೆ. ಈಗ ಮೇಡಂ ಫೋನು ಹಿಡಿದು ಓಡಾಡುತ್ತಿದ್ದಾರೆ. ಅಡುಗೆಯಾಕೆ ಮುಖವಸ್ತ್ರ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಬಾಗಿಲು ತೆಗೆ.

ಗಾಡಿ ಬರುವತನಕ ನಾನು ಗೇಟಿನ ಕಂಬಿಗೆ ಬಡಿಯುತ್ತೇನೆ. ಎರಡೆರಡು ಸಲ. ನಿನಗೆ ಕೇಳಿಸುತ್ತದೆ. ನಿನ್ನ ಉತ್ತರ ನನಗೆ ಕೇಳಿಸುವುದಿಲ್ಲ, ಆದ್ದರಿಂದ ಆ ದರಿದ್ರ ಟ್ಯೂಬ್‌ಲೈಟನ್ನು ಒಂದು ಸಲ ಹಾಕಿ ಆರಿಸು. ಮೋಡ ಕವಿದಿದೆ, ನಿನ್ನ ಕಿಟಕಿ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಕೂರಲಾಗದಿದ್ದರೆ ಅಡುಗೆಯಾಕೆಗೆ ಹೇಳು, ಹಾಕುತ್ತಾರೆ.

ಇದ್ದೀಯಾ?


ಆಗಸ್ಟ್ ೯, ಆಸ್ಪತ್ರೆಯಿಂದ

ಅಪ್ಪಾ,

ಇಲ್ಲಿ ಯಾರನ್ನೂ ನೋಡಲು ಬಿಡುವುದಿಲ್ಲ, ಫೋನೂ ಕೊಡುವುದಿಲ್ಲ. ಪತ್ರಕ್ಕೆ ಅಡ್ಡಿಯಿಲ್ಲವಂತೆ. ಬಂದ ಹೊಸದರಲ್ಲೇ ಡಾಕ್ಟರು ನನ್ನ ಮುಂದೆ ಕಾಗದ ಇಟ್ಟು “ಯಾರಿಗಾದ್ರೂ ಬರೀಬೇಕಾ?” ಅಂದರು. ನಮ್ಮಪ್ಪ ತಿದ್ದುತ್ತಾರೆ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಮಾತ್ರೆ ತೆಗೆದುಕೊಂಡರೆ ಬಾಯಿ ಒಣಗುತ್ತದೆ. ಕೈ ಸ್ವಲ್ಪ ನಡುಗುತ್ತದೆ, ಅದಕ್ಕೇ ಅಕ್ಷರ ಹೀಗೆ. ಊಟ ಮಾಡುತ್ತೇನೆ. ಪಕ್ಕದ ಹಾಸಿಗೆಯಲ್ಲಿ ಒಬ್ಬರು ನರ್ಸು ಇದ್ದಾರೆ, ಅವರೂ ರೋಗಿಯೇ. ಕಾಯಿಲೆಯ ವಾರ್ಡಿನಲ್ಲಿ ಕೆಲಸ ಮಾಡಿ ಮಾಡಿ ಒಂದು ದಿನ ಮನೆಗೆ ಹೋಗುವ ದಾರಿ ಮರೆತುಹೋಯಿತಂತೆ. ಇಬ್ಬರೂ ಗೋಡೆ ನೋಡುತ್ತೇವೆ. ಅವರು ನನಗಿಂತ ಚೆನ್ನಾಗಿ ನೋಡುತ್ತಾರೆ.

ಅವತ್ತು ನೀನು ಗೇಟು ಬಡಿದದ್ದು ಇಡೀ ಕ್ಯಾಂಪಸ್ಸಿಗೆ ಕೇಳಿಸಿತು. “ನಿಮ್ಮಪ್ಪಂಗೆ ಎಷ್ಟು ಜೋರಾಗಿ ಹೊಡೀತಿದೀನಿ ಅಂತ ಗೊತ್ತಾಗಲ್ಲ ಅಲ್ವಾ?” ಎಂದು ಅಡುಗೆಯಾಕೆ ಕೇಳಿದರು. ಗೊತ್ತಾಗಲ್ಲ ಅಂದೆ. ಸ್ವಿಚ್ಚಿನ ಹತ್ತಿರ ನಾಲ್ಕು ಸಲ ಅವರು ಹೋದರು. ಆಮೇಲಿನದೆಲ್ಲ ನಾನೇ.

ನಾನು ಸರಿಹೋದೆ ಎಂದುಕೊಳ್ಳಬೇಡ. ನಾನು ಎರಡನೆಯ ಸಲ ತಟ್ಟಿದ್ದು ಗಣಿತದವಳಿಗೆ ಕೇಳಿಸಿತ್ತೇ ಎಂದು ದಿನವೂ ಅನ್ನಿಸುತ್ತದೆ. ಇರುವುದು ಇನ್ನೂ ಕಷ್ಟ.

ಹೋದ ಸಲ ನಿನ್ನ ಪತ್ರದ ಜೊತೆ ನಾನು ಬರೆದ ನಾಲ್ಕು ಸಾಲನ್ನು ನೀನು ಒಂದು ಕೆಂಪು ಗೆರೆಯೂ ಇಲ್ಲದೆ ವಾಪಸು ಕಳಿಸಿದ್ದೆ. ನನಗೆ ಭಯವಾಯಿತು. ರೋಗಿಯ ಹತ್ತಿರ ಎಲ್ಲರೂ ಮೆಲ್ಲಗೆ ಮಾತಾಡುತ್ತಾರಲ್ಲ, ಹಾಗಿತ್ತು. ಇದನ್ನು ತಿದ್ದಿ ಕಳಿಸು.

ಮಗಳು


ಆಗಸ್ಟ್ ೨೦

ನನ್ನ ಒತ್ತಕ್ಷರವೇ,

ತಿದ್ದಿದ್ದೇನೆ. ಕೈ ನಡುಗಿತೆಂದು ವಿನಾಯಿತಿ ಕೊಟ್ಟಿಲ್ಲ. ಎರಡು ಒತ್ತು ತಪ್ಪಿದೆ, ಒಂದು ದೀರ್ಘ ಹೋಗಿದೆ. ಕೆಂಪು ಶಾಯಿ ಸಿಕ್ಕಿತು, ಅಂಗಡಿ ಅರ್ಧ ಬಾಗಿಲು ತೆರೆದಿದೆ.

ಹೇಳಬಾರದು ಎಂದುಕೊಂಡಿದ್ದ ಸಂಗತಿಯೊಂದನ್ನು ಹೇಳುತ್ತೇನೆ. ಮುಚ್ಚಿಟ್ಟ ಮಾತನ್ನು ನೀನು ಹೇಗೂ ಕಂಡುಹಿಡಿಯುತ್ತೀಯ. ಅವತ್ತು ನಾನು ಗೇಟಿನ ಬಳಿ ನಿಂತಾಗ ಅಲ್ಲಿ ಇನ್ನೊಬ್ಬರಿದ್ದರು. ಕಾಲ ಬಳಿ ಒಂದು ಟ್ರಂಕು, ಅದರ ಮೇಲೆ ಹಗ್ಗ ಕಟ್ಟಿದ ಪುಸ್ತಕಗಳು. ನನ್ನನ್ನು ನೋಡಿ ಏನೋ ಕೇಳಿದರು. ನನಗೆ ಕೇಳಿಸಲಿಲ್ಲ. ಕಿವುಡರ ಅಭ್ಯಾಸದಂತೆ ಸುಮ್ಮನೆ ತಲೆಯಾಡಿಸಿದೆ. ಅವರು ನನ್ನ ಭುಜ ಒತ್ತಿ, ಟ್ರಂಕು ಎತ್ತಿಕೊಂಡು ಹೋದರು. ಆಮೇಲೆ ಕಾವಲುಗಾರರು ಬರೆದು ತೋರಿಸಿದರು: “ಗಣಿತದ ಹುಡುಗಿಯ ತಂದೆ. ನಿಮ್ಮ ಮಗಳು ಇದ್ದಾಳಾ ಅಂತ ಕೇಳಿದ್ರು.”

ನಿನ್ನ ಮೊದಲ ಚೀಟಿ ಇನ್ನೂ ಕೆಳಗೆ ಬಂದಿರಲಿಲ್ಲ. ನನಗೇ ಗೊತ್ತಿಲ್ಲದ್ದಕ್ಕೆ ನಾನು ಹೌದು ಎಂದಿದ್ದೆ.

ಕಳೆದ ತಿಂಗಳು ಅವರಿಗೊಂದು ಪತ್ರ ಬರೆದೆ. ‘ಅನಾರೋಗ್ಯದಿಂದ’ ಎಂದು ಬರೆದು ಕೈತೊಳೆದುಕೊಂಡವರನ್ನು ಬಿಡಬಾರದು, ಏನಾಯಿತೆಂದು ಅವರ ಬಾಯಿಂದಲೇ ಹೇಳಿಸೋಣ, ಇಬ್ಬರೂ ಸೇರಿ ಬರೆಯೋಣ ಎಂದೆ. ಅವರ ಉತ್ತರ ಒಂದೇ ಸಾಲು: “ನನ್ನ ಹೆಂಡತಿ ಆ ಪದ ಹಿಡಿದುಕೊಂಡು ದಿನ ದೂಡುತ್ತಿದ್ದಾಳೆ, ದಯವಿಟ್ಟು ತೆಗೆಯಬೇಡಿ.” ನನ್ನ ಸಿಟ್ಟು ಎಲ್ಲಿಗೂ ಹೋಗಿಲ್ಲ, ಎದೆಯಲ್ಲೇ ಕೂತು ಕೆಮ್ಮುತ್ತಿದೆ. ಆದರೆ ನನ್ನ ಬಳಿ ಉಳಿದಿದ್ದ ವಾಚಕರ ವಾಣಿಯ ಪ್ರತಿಯನ್ನು ಹರಿದುಹಾಕಿದೆ. ನಿನ್ನ ಅತ್ತೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಗೊತ್ತಾಗಿದೆ: ನಾನು ಬರೆದದ್ದು ಟ್ಯೂಬ್‌ಲೈಟಿನ ಬಗ್ಗೆಯೇ.

ನಿನ್ನನ್ನು ಎಂದು ಬಿಡುತ್ತಾರೋ ಡಾಕ್ಟರು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಅತ್ತೆ ನಿನ್ನ ಹಾಸಿಗೆಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದು ಹಾಕಿದ್ದಾಳೆ. ನಡುವೆ ಗೋಡೆಯಿಲ್ಲ.

ಪತ್ರದ ಕೊನೆಯ ಹತ್ತಿರ ‘ಇರುವುದು ಇನ್ನೂ ಕಷ್ಟ’ ಎಂದು ಬರೆದಿದ್ದೀಯ. ಆ ವಾಕ್ಯವನ್ನು ಬಹಳ ಸಲ ಓದಿದೆ. ಏನೂ ಸೇರಿಸಿಲ್ಲ, ಏನೂ ಹೊಡೆದಿಲ್ಲ. ಹೊಡೆಯದ ಪದಕ್ಕೆ ಚುಕ್ಕಿ ಇಡುವ ರೂಢಿ ನಮ್ಮಲ್ಲಿಲ್ಲ. ಆದರೂ ‘ಇರುವುದು’ ಎಂಬಷ್ಟಕ್ಕೆ ಕೆಳಗೆ ಒಂದೊಂದಾಗಿ ಚುಕ್ಕಿ ಇಟ್ಟು ಅಂಚಿನಲ್ಲಿ ಬರೆದಿದ್ದೇನೆ:

ಇರಲಿ.

ಅಪ್ಪ